ನಮ್ಮ ಕೂಲಿಯಿಂದ ಅಳೆಯಿರಿ



ಒಂದು ದೇಶದ ಔಷಧಿ ವ್ಯವಸ್ಥೆ ನೆಟ್ಟಗಿದೆಯೊ ಇಲ್ಲವೊ ಎಂದು ಅಳೆಯುವುದು ಹೇಗೆ? ಎಷ್ಟು ಕಾರ್ಖಾನೆ, ಎಷ್ಟು ಕೋಟಿ ರಫ್ತು ಎಂದು ಎಣಿಸಿದರೆ ಭಾರತ ಮೇಲಿನ ಸಾಲಿನಲ್ಲಿ ಕೂತಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಹೆಲ್ತ್ ಆಕ್ಷನ್ ಇಂಟರ್‌ನ್ಯಾಷನಲ್ ಸೇರಿ 2003ರಲ್ಲಿ ಬೇರೊಂದು ಅಳತೆ ಕೊಟ್ಟವು. ದವಾಖಾನೆಗೇ ಹೋಗಿ ಕಣ್ಣಾರೆ ನೋಡುವ ಅಳತೆ ಅದು. ಬೇಕಾದ ಔಷಧಿ ಆ ದಿನ ಕಪಾಟಿನಲ್ಲಿ ಇದೆಯೆ? ಬೆಲೆ ಎಷ್ಟು? ಸರ್ಕಾರದ ಅತಿ ಕಡಿಮೆ ಸಂಬಳದ ನೌಕರ ಅದನ್ನು ಕೊಳ್ಳಲು ಎಷ್ಟು ದಿನ ದುಡಿಯಬೇಕು?

ಈ ಅಳತೆ ಹಿಡಿದು ಕರ್ನಾಟಕವೂ ಸೇರಿ ನಮ್ಮ ದೇಶದ ಕೆಲವು ಕಡೆ ನೋಡಿದ ವರದಿ 2007ರಲ್ಲಿ ಬಂತು. ಸರ್ಕಾರಿ ದವಾಖಾನೆಗಳಲ್ಲಿ ಔಷಧಿ ಸಿಗುವ ನಡುಮಟ್ಟ ನೂರಕ್ಕೆ 30 ದಾಟಲಿಲ್ಲ. 36 ದೇಶಗಳ ಲೆಕ್ಕ ಒಟ್ಟು ಮಾಡಿದ 2009ರ ವರದಿಯಲ್ಲೂ ಲೋಕದ ಯಾವ ಭಾಗದ ಸರಾಸರಿಯೂ 55 ಮುಟ್ಟಲಿಲ್ಲ.

ಅಳತೆ ಒಳ್ಳೆಯದೆ. ಆದರೆ ನಮ್ಮದೊಂದು ಪ್ರಶ್ನೆ. ಸರ್ಕಾರಿ ನೌಕರನಿಗೆ ಸಂಬಳ ಖಾತ್ರಿ. ಕವಿತಾಳ ಸೀಮೆಯಲ್ಲಿ ಹತ್ತಿ ಬಿಡಿಸುವ, ನೆಲ್ಲು ನಾಟಿ ಮಾಡುವ ನಮ್ಮ ಅವ್ವಂದಿರಿಗೆ ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಬರಿಗೈ. "ಗುಳಿಗಿ ಇಲ್ಲವ್ವಾ, ಹೊರಗ ತಗೋ" ಅಂದರೆ ಅವನ ಒಂದು ದಿನದ ದುಡಿಮೆ ಆಕಿಗೆ ಎಷ್ಟು ದಿನದ್ದು? 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಖರೆ. ಸಾಲಿನಲ್ಲಿ ನಿಂತು ಹೋದ ಕೂಲಿಯನ್ನು ಯಾರು ಬರಕೊಂಡರು?

ಇನ್ನೊಂದು ಮಾತು. ಕಪಾಟಿನಲ್ಲಿ ಔಷಧಿ ಇದ್ದ ಮಾತ್ರಕ್ಕೆ ನಮ್ಮ ಕೈಗೆ ಬಂತೆಂದು ಅಲ್ಲ. ಕೇರಿಯ ಹೆಸರು ಕೇಳಿ ಮುಖ ತಿರುವಿದರೆ, ಗುಳಿಗೆಯನ್ನು ಮುಟ್ಟದಂತೆ ಮೇಲಿಂದ ಹಾಕಿದರೆ, ಅದು ಯಾವ ದೇಶದ ಕೋಷ್ಟಕಕ್ಕೂ ಬರುವುದಿಲ್ಲ.

ಆದ್ದರಿಂದ ನಮ್ಮ ಲೆಕ್ಕ ನಾವೇ ಇಡೋಣ. ಕೇರಿಗೊಂದು ನೋಟ್‌ಬುಕ್ಕು. ಡಾಕ್ಟರು ಬರೆದ ಔಷಧಿ ಎಷ್ಟು, ಒಳಗೆ ಕೊಟ್ಟದ್ದೆಷ್ಟು, ಹೊರಗೆ ಕೊಂಡದ್ದೆಷ್ಟು, ಅದಕ್ಕೆ ಎಷ್ಟು ದಿನದ ಕೂಲಿ ಹೋಯಿತು, ನಮ್ಮನ್ನು ಹೇಗೆ ಮಾತಾಡಿಸಿದರು. ಓದಿದ ಹುಡುಗ ಹುಡುಗಿಯರು ಬರೆಯಲಿ. ಚೀಟಿ ಎಸೆಯಬೇಡಿ. ದವಾಖಾನೆಯ ದಾಸ್ತಾನು ವಹಿಯ ನಕಲನ್ನು 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳೋಣ. ಎರಡನ್ನೂ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದೋಣ.

ಲೋಕಕ್ಕೆಲ್ಲ ಗುಳಿಗೆ ಮಾರುವ ದೇಶ ನಮ್ಮ ಕೇರಿಗೆ ಉತ್ತರ ಕೊಡಲಿ. ಮುಂದಿನ ಸಭೆಗೆ ಬರುವಾಗ ನೋಟ್‌ಬುಕ್ಕು ತನ್ನಿ.

ಜೈಭೀಮ್.