ಕಾಲು ಬಿಡಿಸುವ ವಿದ್ಯೆ

ಶಾಗ್ಯದ ಬೀದಿಗಳಲ್ಲಿ ಬೈಸಿಕಲ್ ಕಲಿಯುವ ಬಾಲಕರಿಗೂ ಬೀಳುವ ಭಯವುಂಟು. ಆದರೆ ವಾಹನ ತತ್ತರಿಸಿದೊಡನೆ ಅವರ ಕಾಲು ನೆಲ ಮುಟ್ಟುತ್ತದೆ. ನಮ್ಮ ನಾಡಿನ ವಿಜಯಪುರ, ಬಾಗಲಕೋಟೆಗಳ ಸ್ಪರ್ಧಾಳುಗಳು ತುಳಿಯುವ ಪೆಡಲಾದರೋ ಪಾದರಕ್ಷೆಯನ್ನೇ ಕಚ್ಚಿ ಹಿಡಿಯುತ್ತದೆ. 1984ರಲ್ಲಿ ಫ್ರಾನ್ಸಿನ ಲುಕ್ ಸಂಸ್ಥೆಯು ಹಿಮದ ಮೇಲೆ ಜಾರುವ ಆಟದ ಪಾದಬಂಧನಿಯ ಮಾದರಿಯಲ್ಲಿ ಇದನ್ನು ಹೊರತಂದಿತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರಷ್ಟೇ ಬಿಡುಗಡೆ. ಹೊಸಬರು ಬೀಳುವುದು ಹೆಚ್ಚಾಗಿ ಓಟದಲ್ಲಲ್ಲ, ನಿಲ್ಲುವಾಗ. ಆದಕಾರಣ ಗೋಡೆಯನ್ನು ಹಿಡಿದು ನಿಂತು, ಕಾಲು ಬಿಡಿಸುವುದನ್ನೇ ಮೊದಲು ಮತ್ತೆ ಮತ್ತೆ ಅಭ್ಯಸಿಸಬೇಕು. ಭಯವನ್ನು ಧೈರ್ಯದ ಉಪದೇಶ ಕಳೆಯದು; ಅಭ್ಯಾಸ ಕಳೆಯುತ್ತದೆ.

ಪಾಠಶಾಲೆಯಲ್ಲಿಯೂ ಅಷ್ಟೆ. ತಪ್ಪೀತೆಂಬ ಅಂಜಿಕೆಯಿಂದ ಬಾಯಿ ತೆರೆಯದ ಮಗುವನ್ನು ಜರೆಯದೆ, ತಪ್ಪಿದರೆ ತಿದ್ದಿಕೊಳ್ಳುವ ದಾರಿಯನ್ನು ಮೊದಲು ಕಲಿಸುವುದೇ ಅಧ್ಯಾಪಕರಾದ ನಮ್ಮ ಧರ್ಮ.