ಕಪ್ಪುಪರದೆಯ ಕಡತಗಳು: ನಿರ್ವಾಹಕ ತಂತ್ರಾಂಶದ ಆಯ್ಕೆ

ಗಣಕದ ‘ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ‘ಕಡತ’ ಎಂಬ ಪದ ನೆಲೆಗೊಂಡಿದೆ. ಮೂಲದಲ್ಲಿ ಕಡತವೆಂದರೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿಗಳನ್ನು ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಕಪ್ಪು ನೆಲ, ಬಿಳಿಯ ಅಕ್ಷರ, ಒರೆಸಿದರೆ ಉಳಿಯದ ಬರಹ ಎಂಬ ಈ ಮೂರು ಲಕ್ಷಣಗಳೂ ಇಂದಿನ ಟರ್ಮಿನಲ್‌ಗೆ ಒಪ್ಪುತ್ತವೆ. ಟರ್ಮಿನಲ್‌ನೊಳಗೆ ಕೆಲಸಮಾಡುವ ಕಡತ ನಿರ್ವಾಹಕವೊಂದನ್ನು ಆರಿಸಿಕೊಳ್ಳುವಾಗ ಮೂರನೆಯ ಲಕ್ಷಣವೇ ಎಲ್ಲಕ್ಕಿಂತ ಮುಖ್ಯವಾಗಬೇಕು. ಆದರೆ ಈ ಬಗೆಗಿನ ಚರ್ಚೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ವೇಗದ ಮಾತು, ಬಣ್ಣದ ಮಾತು.

ಈ ಬಗೆಯ ತಂತ್ರಾಂಶಗಳಲ್ಲಿ ಎರಡು ಪರಂಪರೆಗಳಿವೆ. 1986ರಲ್ಲಿ ಡಾಸ್ ವ್ಯವಸ್ಥೆಗಾಗಿ ಬಂದ ನಾರ್ಟನ್ ಕಮಾಂಡರ್ ಪರದೆಯನ್ನು ಎರಡು ಹಲಗೆಗಳಾಗಿ ಸೀಳಿತು. ಅದರ ಮಾದರಿಯಲ್ಲಿ ಮಿಗೆಲ್ ದೆ ಇಕಾಜಾ 1994ರಲ್ಲಿ ಮಿಡ್‌ನೈಟ್ ಕಮಾಂಡರನ್ನು ಆರಂಭಿಸಿದರು. ಒಂದು ಹಲಗೆ ಮೂಲ, ಇನ್ನೊಂದು ಗುರಿ. ಎಫ್5 ಒತ್ತಿದರೆ ನಕಲು, ಎಫ್6 ಒತ್ತಿದರೆ ಸ್ಥಳಾಂತರ. ಎರಡನೆಯ ಪರಂಪರೆ ‘ವಿಐ’ ಸಂಪಾದಕದ ಕೀಲಿಗಳನ್ನು ಅನುಸರಿಸುವಂಥದು: ರೇಂಜರ್, ಎಲ್‌ಎಫ್, ವಿಫ್‌ಎಂ ಮೊದಲಾದವು ಇದಕ್ಕೆ ಸೇರುತ್ತವೆ. ರೇಂಜರ್ ತಾಯಿಕೋಶ, ಈಗಿನ ಕೋಶ, ಆಯ್ದ ಕಡತದ ಮುನ್ನೋಟಗಳನ್ನು ಮೂರು ಅಂಕಣಗಳಲ್ಲಿ ತೋರಿಸುತ್ತದೆ. ನೋಡುವುದಕ್ಕೆ ಇದು ಸೊಗಸು. ಸಾವಿರಾರು ಶಾಸನಪಾಠಗಳನ್ನೋ ಹಸ್ತಪ್ರತಿಯ ಪುಟಚಿತ್ರಗಳನ್ನೋ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವವರಿಗೆ ಮಾತ್ರ ಗುರಿಯ ಕೋಶ ಕಣ್ಣೆದುರು ಇರುವುದೇ ಮೇಲು.

ಅಳಿಸುವಿಕೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ‘ಡಿ’ ಕೀಲಿಯನ್ನು ಎರಡು ಬಾರಿ ಒತ್ತಿದರೆ ರೇಂಜರ್‌ನಲ್ಲಿ ಕಡತ ಕತ್ತರಿಸಲು ಗುರುತಾಗುತ್ತದೆ, ಅಂಟಿಸುವವರೆಗೆ ಇದ್ದಲ್ಲಿಯೇ ಇರುತ್ತದೆ. ಅದೇ ಕೀಲಿಗಳು ವಿಫ್‌ಎಂನಲ್ಲಿ ಕಡತವನ್ನು ಕಸದಬುಟ್ಟಿಗೆ ಕಳಿಸುತ್ತವೆ. ‘ಯು’ ಒತ್ತಿದರೆ ಅದು ಹಿಂದಿರುಗುತ್ತದೆ. ಮಿಡ್‌ನೈಟ್ ಕಮಾಂಡರ್‌ನಲ್ಲಿ ಎಫ್8 ಒತ್ತಿದಾಗ ‘ಅಳಿಸಲೇ?’ ಎಂಬ ಪ್ರಶ್ನೆ ಬರುತ್ತದೆ, ಒಪ್ಪಿದರೆ ಮುಗಿಯಿತು, ಅಲ್ಲಿ ಕಸದಬುಟ್ಟಿ ಇಲ್ಲ. ಒಂದರಲ್ಲಿ ರೂಢಿಯಾದ ಕೈ ಇನ್ನೊಂದರಲ್ಲಿ ತಪ್ಪುವುದು ಸಹಜ. ವರ್ಷಕ್ಕೊಂದು ಹೊಸ ನಿರ್ವಾಹಕವನ್ನು ಪರೀಕ್ಷಿಸುವ ಉತ್ಸಾಹಿಗಳು ಈ ಅಪಾಯವನ್ನು ಗಣನೆಗೆ ತೆಗೆದುಕೊಳ್ಳುವುದು ಅಪರೂಪ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಬೇರೆಯದೇ ಆದ ಕಷ್ಟವೊಂದಿದೆ. ಟರ್ಮಿನಲ್ ಸಮನಾದ ಚೌಕಗಳ ಜಾಲ. ಒಂದು ಚೌಕಕ್ಕೆ ಒಂದು ಅಕ್ಷರವೆಂಬುದು ಅದರ ಮೂಲಕಲ್ಪನೆ. ಒತ್ತು, ಗುಣಿತಗಳ ಕನ್ನಡ ಈ ಜಾಲಕ್ಕೆ ಒಗ್ಗುವುದಿಲ್ಲ. ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ, ಅಂಕಣದ ಗೆರೆ ಸೊಟ್ಟಗಾಗುತ್ತದೆ, ಹೆಸರು ತಿದ್ದುವಾಗ ಸೂಚಕ ಒಂದೆಡೆ, ತಿದ್ದುಪಡಿ ಇನ್ನೊಂದೆಡೆ. ಇದು ಬಹುಮಟ್ಟಿಗೆ ಟರ್ಮಿನಲ್‌ನ ದೋಷ. ನಿರ್ವಾಹಕವನ್ನು ಬದಲಿಸಿದ ಮಾತ್ರಕ್ಕೆ ನೀಗದು. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್‌ಗಳನ್ನು ಬೇಡುತ್ತದೆ. ಎಂದರೆ ಒಟ್ಟು 85 ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತಗಳು, 18 ಬೈಟ್‌ಗಳು ಬೇಕು. ಊರು, ತಾಲ್ಲೂಕು, ಅರಸ, ತೇದಿ ಎಲ್ಲವನ್ನೂ ಹೆಸರಿನಲ್ಲೇ ತುಂಬಿಸುವ ವಿದ್ವಾಂಸರು ಈ ಗಡಿಗೆ ಬೇಗನೆ ತಾಗುತ್ತಾರೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. ‘ಕೋಲಾರ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಮ್ಯಾಕ್ ಗಣಕಗಳ ಹಳೆಯ ಕಡತವ್ಯವಸ್ಥೆ ತುಂಡುಗಳ ರೂಪವನ್ನೇ ಇರಿಸಿಕೊಳ್ಳುತ್ತಿತ್ತು. ಅಲ್ಲಿಂದ ಬಂದ ಕಡತ ಲಿನಕ್ಸ್‌ನಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಒಂದೇ ಕೋಶದಲ್ಲಿ ಎರಡು ‘ಕೋಲಾರ’ಗಳು ಅಕ್ಕಪಕ್ಕ ಕುಳಿತಿರಲೂಬಹುದು. ಒಂದನ್ನು ನಕಲೆಂದು ಭಾವಿಸಿ ಅಳಿಸುವ ಮುನ್ನ ಎರಡನ್ನೂ ತೆರೆದು ನೋಡಬೇಕು.

ಹಾಗಾದರೆ ಹೆಸರುಗಳನ್ನು ರೋಮನ್ ಲಿಪಿಗೆ ತಿರುಗಿಸುವುದೇ ಸುಲಭವಲ್ಲವೇ ಎನ್ನುವವರಿದ್ದಾರೆ. ಚಿಹ್ನೆಗಳಿಲ್ಲದ ರೋಮನ್‌ನಲ್ಲಿ ‘ಕಲೆ’, ‘ಕಳೆ’ಗಳು ಒಂದೇ, ‘ಬಲಿ’, ‘ಬಳಿ’ಗಳೂ ಒಂದೇ. ರಳ, ಕುಳಗಳ ಭೇದವನ್ನೇ ಅವಲಂಬಿಸಿ ಶಾಸನದ ಕಾಲವನ್ನು ಚರ್ಚಿಸುವವರು ತಮ್ಮ ಕಡತದ ಹೆಸರಿನಲ್ಲಿ ಆ ಭೇದವನ್ನು ಬಿಟ್ಟುಕೊಡುವುದು ವಿಚಿತ್ರ. ಹೆಸರು ಕನ್ನಡದಲ್ಲಿಯೇ ಇರಲಿ, ಮೊದಲಲ್ಲಿ 0147 ಎಂಬಂಥ ಸ್ಥಿರ ಅಂಕವೊಂದಿರಲಿ. ಅಕ್ಷರ ಒಡೆದು ಕಂಡರೂ ಕಡತ ಗುರುತಾಗುತ್ತದೆ, ಅನುಕ್ರಮವೂ ಕೆಡುವುದಿಲ್ಲ. ಸಾಮೂಹಿಕವಾಗಿ ಹೆಸರು ತಿದ್ದಬೇಕಾದಾಗ ರೇಂಜರ್ ಪಟ್ಟಿಯನ್ನು ಪಠ್ಯಸಂಪಾದಕಕ್ಕೆ ಒಪ್ಪಿಸುತ್ತದೆ. ಕನ್ನಡವನ್ನು ಸರಿಯಾಗಿ ಮೂಡಿಸುವ ಸಂಪಾದಕವನ್ನು ಅದಕ್ಕೆ ಜೋಡಿಸಿಕೊಂಡರೆ ಟರ್ಮಿನಲ್‌ನ ಚೌಕಗಳ ಕಾಟ ಆ ಹೊತ್ತಿಗಾದರೂ ತಪ್ಪುತ್ತದೆ.

ಆಯ್ಕೆ ಕಠಿನವೇನಲ್ಲ. ವಿಐ ಕೀಲಿಗಳನ್ನು ಬಲ್ಲವರಿಗೆ ವಿಫ್‌ಎಂ ತಕ್ಕದ್ದು. ಎರಡು ಹಲಗೆಗಳೂ ಕಸದಬುಟ್ಟಿಯೂ ಅಲ್ಲಿ ಒಟ್ಟಿಗೆ ದೊರೆಯುತ್ತವೆ. ಉಳಿದವರಿಗೆ ಮಿಡ್‌ನೈಟ್ ಕಮಾಂಡರ್ ಸಾಕು. ಎಫ್8ರ ಪ್ರಶ್ನೆಯನ್ನು ಸಿದ್ಧತೆಗಳಲ್ಲಿ ಆರಿಸಿಬಿಡುವ ಸೌಲಭ್ಯವೂ ಅದರಲ್ಲಿದೆ. ಅದನ್ನು ಮುಟ್ಟದಿರುವುದು ಲೇಸು.