ಮಾತ್ರೆ ಕೊಡುವವನ ನಾಲ್ಕು ಮಾತು

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಮಿತ್ರರು ಕೇಳಿದಾಗ, ನಾನೇನು ಸಾಹಿತಿಯೇ ಎಂದು ನಕ್ಕುಬಿಟ್ಟೆ. ಡಿ.ಫಾರ್ಮಾ ಮುಗಿಸಿ, ಹದಿನೆಂಟು ವರ್ಷದಿಂದ ದುಬೈಯಲ್ಲಿ ಮಾತ್ರೆ ಎಣಿಸಿ ಕೊಡುತ್ತಿರುವವನು ನಾನು. "ಹಾಗಾದರೆ ಅದರ ಬಗ್ಗೆಯೇ ಬರೆಯಿರಿ" ಎಂದರು. ಆದ್ದರಿಂದ ಈ ನಾಲ್ಕು ಮಾತು.

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತರೆ ನಮ್ಮ ಜನರ ಗುರುತು ಬೇಗ ಸಿಗುತ್ತದೆ. ಚೀಟಿ ಕೊಡುತ್ತಾರೆ, ಪ್ಯಾಕೆಟ್ ಕೈಗೆ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಇದನ್ನು ಎಷ್ಟು ದಿನ ತಗೊಳ್ಳಬೇಕು?" ಅದು ಬಿಪಿ ಮಾತ್ರೆ ಆಗಿರುತ್ತದೆ, ಇಲ್ಲವೇ ಶುಗರ್ ಮಾತ್ರೆ. ದಿನವೂ ತೆಗೆದುಕೊಳ್ಳಬೇಕು ಎಂದರೆ ಮುಖ ಸಣ್ಣದಾಗುತ್ತದೆ. ನಾನು ಬಂದ ಹೊಸದರಲ್ಲಿ ಈ ಮಾತ್ರೆ ಒಯ್ಯುತ್ತಿದ್ದವರು ನನಗಿಂತ ಹಿರಿಯರು. ಈಗ ನನ್ನ ಓರಗೆಯವರು ಒಯ್ಯುತ್ತಾರೆ, ನನಗಿಂತ ಚಿಕ್ಕವರೂ ಒಯ್ಯುತ್ತಾರೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 6.1 ಬಂತು. ಇದು ಆ ದಿನದ ಶುಗರ್ ಅಲ್ಲ, ಹಿಂದಿನ ಮೂರು ತಿಂಗಳ ಸರಾಸರಿಯ ಲೆಕ್ಕ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಅಷ್ಟು ಕಾಲ ಅಂಟಿಕೊಂಡ ಸಕ್ಕರೆಯನ್ನು ಅದು ತೋರಿಸುತ್ತದೆ. ಹಾಗಾಗಿ ಹಿಂದಿನ ರಾತ್ರಿ ಉಪವಾಸ ಮಾಡಿ ಇದಕ್ಕೆ ಮೋಸ ಮಾಡಲಾಗದು. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ದಾಟಿದರೆ ಡಯಾಬಿಟಿಸ್, ನಡುವೆ ಇದ್ದರೆ ಬೇಲಿಯ ಮೇಲೆ ಕೂತ ಹಾಗೆ. ನಾನು ಬೇಲಿಯ ಮೇಲಿದ್ದೆ. ತೂಕ 82 ಕಿಲೋ, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಮ್ಮಂಥ ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎಂದು ಎಷ್ಟು ಜನಕ್ಕೆ ನಾನೇ ಹೇಳಿದ್ದೇನೋ! ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ದೀಪ ಇರಲಿಲ್ಲ.

ಹೀಗೇಕೆ ಆಯಿತು ಎಂದು ಒಂದು ವಾರ ನನ್ನ ದಿನಚರಿಯನ್ನೇ ಬರೆದಿಟ್ಟೆ. ಕರಾಮದ ಮನೆಯಿಂದ ಲಿಫ್ಟಿನಲ್ಲಿ ಇಳಿದು ಕಾರು, ಕಾರಿನಿಂದ ಆಸ್ಪತ್ರೆಯ ಲಿಫ್ಟು. ನಾನು 2007ರಲ್ಲಿ ಬಂದಾಗ ಮೆಟ್ರೊ ಇರಲಿಲ್ಲ. 2009ರ ಸೆಪ್ಟೆಂಬರ್ 9ಕ್ಕೆ ಅದು ಶುರುವಾಗುವ ತನಕ ಬಸ್ ಸ್ಟಾಪಿಗೆ ನಡೆಯುತ್ತಿದ್ದೆ, ಸಾಮಾನು ಹೊತ್ತು ತರುತ್ತಿದ್ದೆ. ಆಗ ಸಂಬಳ ಕಡಿಮೆ, ಹೊಟ್ಟೆಯೂ ಕಡಿಮೆ. ಈಗ ಬೀದಿಯ ತುದಿಯ ಅಂಗಡಿಯ ಮೊಸರೂ ಫೋನ್ ಒತ್ತಿದರೆ ಬಾಗಿಲಿಗೆ ಬರುತ್ತದೆ.

ಇನ್ನು ಕರಕ್ ಚಹಾ. ದಿನಕ್ಕೆ ನಾಲ್ಕು ಕಪ್, ಒಂದಕ್ಕೆ ಎರಡು ಚಮಚ ಸಕ್ಕರೆ ಅಂದರೂ ಎಂಟು ಚಮಚ. ಚಮಚಕ್ಕೆ ನಾಲ್ಕು ಗ್ರಾಮಿನಂತೆ 32 ಗ್ರಾಂ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಕಿಲೋ ಸಕ್ಕರೆ, ಬರೀ ಚಹಾದಲ್ಲಿ! ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿನ ಸರ್ಕಾರ 2017ರಲ್ಲಿ ಸೋಡಾ ಪಾನೀಯಗಳ ಮೇಲೆ ಶೇ. 50, ಎನರ್ಜಿ ಡ್ರಿಂಕ್ ಮೇಲೆ ಶೇ. 100 ತೆರಿಗೆ ಹಾಕಿತು. ಕರಕ್ ಲೋಟಕ್ಕೆ ಆ ತೆರಿಗೆ ಇಲ್ಲ, ಅದಕ್ಕೆ ಕಡಿವಾಣ ನಾವೇ ಹಾಕಿಕೊಳ್ಳಬೇಕು. ರಾತ್ರಿಯ ಊಟ ಹತ್ತು ಗಂಟೆಗೆ, ಅದೂ ಪರೋಟ. ಒಂದು ಪರೋಟಕ್ಕೆ 250 ಕ್ಯಾಲರಿಗೆ ಕಡಿಮೆಯಿಲ್ಲ, ಒಂದಕ್ಕೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಬರೆಯಲು ಬಲವಾದ ಕಾರಣ ಬೇರೆಯೇ ಇದೆ. ನನ್ನ ಬೆಡ್‌ಸ್ಪೇಸ್ ದಿನಗಳಲ್ಲಿ ಪಕ್ಕದ ಮಂಚದಲ್ಲಿ ಹಾವೇರಿ ಕಡೆಯ ಗೆಳೆಯನೊಬ್ಬನಿದ್ದ, ಎಸಿ ಮೆಕ್ಯಾನಿಕ್. ತಂಗಿಯರ ಮದುವೆ ಮಾಡಿದ, ಮನೆ ಕಟ್ಟಿಸಿದ, ಮಗನನ್ನು ಎಂಜಿನಿಯರಿಂಗಿಗೆ ಸೇರಿಸಿದ. ನಾನು ಬೇರೆ ಮನೆ ಮಾಡಿದ ಮೇಲೂ ರಜೆಯ ದಿನ ಊಟಕ್ಕೆ ಬರುತ್ತಿದ್ದ. ಬಿಪಿ ಇತ್ತು. ಡಾಕ್ಟರು ಮಾತ್ರೆ ಬರೆದಿದ್ದರು. ಒಂದು ದಿನ ನಮ್ಮ ಮನೆಯಲ್ಲಿ ಊಟ ಮಾಡುತ್ತಾ, "ತಲೆನೋವು ಹೋಯ್ತು, ಮಾತ್ರೆ ನಿಲ್ಲಿಸಿಬಿಟ್ಟೆ" ಅಂದ. "ಹಾಗೆ ನಿಲ್ಲಿಸಬಾರದು ಮಾರಾಯ" ಅಂದೆ. ಅವನು ನಕ್ಕ, ನಾನು ಸಾರು ಬಡಿಸಿದೆ, ಮಾತು ಬೇರೆ ಕಡೆ ಹೋಯಿತು. ಐದು ತಿಂಗಳ ನಂತರ ಕೆಲಸದ ಜಾಗದಲ್ಲಿ ಸ್ಟ್ರೋಕ್ ಆಯಿತು. ಆಗ ಅವನಿಗೆ 49. ವಿಮಾನಕ್ಕೆ ಗಾಲಿಕುರ್ಚಿಯಲ್ಲಿ ಹತ್ತಿಸಿದೆವು. ಈಗ ಊರಲ್ಲಿದ್ದಾನೆ. ತಾನೇ ಕಟ್ಟಿಸಿದ ಮನೆಯ ಮಹಡಿ ಅವನಿಗೆ ಹತ್ತಲಾಗುವುದಿಲ್ಲ. ಫೋನಿನಲ್ಲಿ ಅವನ ಮಾತು ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಅವನ ಹೆಂಡತಿ ಹೇಳುತ್ತಾಳೆ.

ದಿನಕ್ಕೆ ನೂರು ಜನಕ್ಕೆ ಮಾತ್ರೆಯ ವಿಷಯ ವಿವರಿಸುವ ನಾನು ಆ ದಿನ ಎರಡನೇ ಸಲ ಹೇಳಲಿಲ್ಲ. ಆ ಎರಡನೇ ಸಲವನ್ನು ಈಗ ಇಲ್ಲಿ ಹೇಳುತ್ತಿದ್ದೇನೆ. ಬಿಪಿ ಮಾತ್ರೆ ತಲೆನೋವಿನ ಮಾತ್ರೆಯಲ್ಲ. ಬಿಪಿ ಹೆಚ್ಚಾದರೂ ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಬಿಪಿ ಸರಿಯಿದೆಯೇ ಹೊರತು, ಬಿಪಿ ಸರಿಯಾಯಿತೆಂದು ಮಾತ್ರೆ ಬಿಡುವುದಲ್ಲ. ಬಿಡಬೇಕೋ, ಕಡಿಮೆ ಮಾಡಬೇಕೋ ಎನ್ನುವುದನ್ನು ಡಾಕ್ಟರು ಹೇಳಲಿ. ರಂಜಾನ್ ಉಪವಾಸ ಮಾಡುವ ಸ್ನೇಹಿತರೂ ಮಾತ್ರೆಯ ಹೊತ್ತನ್ನು ಮೊದಲೇ ಕೇಳಿ ಬದಲಿಸಿಕೊಳ್ಳಿ.

ಕೌಂಟರಿನಲ್ಲಿ ಕಂಡ ಇನ್ನೆರಡು ತಪ್ಪುಗಳನ್ನೂ ಹೇಳುತ್ತೇನೆ. ಊರಿಂದ ಸೂಟ್‌ಕೇಸಿನಲ್ಲಿ ತಂದ ಮಾತ್ರೆ ಮತ್ತು ಇಲ್ಲಿ ಬರೆದುಕೊಟ್ಟ ಮಾತ್ರೆ, ಹೆಸರು ಬೇರೆಯಾದರೂ ಒಳಗಿನ ಮದ್ದು ಒಂದೇ ಇರಬಹುದು. ಊರಿನ ಗ್ಲೈಕೊಮೆಟ್, ಇಲ್ಲಿನ ಗ್ಲೂಕೊಫೇಜ್ ಎರಡೂ ಮೆಟ್‌ಫಾರ್ಮಿನ್. ಊರಿನ ಟೆಲ್ಮಾ, ಇಲ್ಲಿನ ಮೈಕಾರ್ಡಿಸ್ ಎರಡೂ ಟೆಲ್ಮಿಸಾರ್ಟನ್. ಎರಡನ್ನೂ ಒಟ್ಟಿಗೆ ನುಂಗುತ್ತಿದ್ದವರನ್ನು ನಾನು ನೋಡಿದ್ದೇನೆ. ಎರಡೂ ಡಬ್ಬಿ ತಂದು ತೋರಿಸಿ, ಕೇಳಲು ದುಡ್ಡಿಲ್ಲ. ಎರಡನೆಯದು ನೋವಿನ ಮಾತ್ರೆ. ಸೊಂಟ ಹಿಡಿದರೆ, ಮಂಡಿ ಹಿಡಿದರೆ ಡೈಕ್ಲೋಫೆನಾಕ್ ನುಂಗಿ ಸೈಟಿಗೆ ಹೋಗುವವರು ಬಹಳ. ಈ ಜಾತಿಯ ಮಾತ್ರೆ ಬಿಪಿ ಏರಿಸುತ್ತದೆ. ಬೇಸಿಗೆಯಲ್ಲಿ ಬೆವರು ಹರಿದು ಮೈಯ ನೀರು ಆರಿದಾಗ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ಕಾನೂನೇ ತಡೆ ಹಾಕಿದೆ. ಆ ಹೊತ್ತು ವಿಶ್ರಾಂತಿಗೂ ನೀರಿಗೂ ಇರಲಿ.

"ನಮಗೆ ಕೆಲಸವೇ ವ್ಯಾಯಾಮ" ಎಂದು ಸೈಟಿನಲ್ಲಿ ದುಡಿಯುವ ಸ್ನೇಹಿತರು ಹೇಳುತ್ತಾರೆ. ಅದನ್ನು ತಳ್ಳಿಹಾಕುವಂತಿಲ್ಲ. 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಡಬಲ್ ಡೆಕರ್ ಬಸ್ಸುಗಳ ಲೆಕ್ಕ ತೆಗೆದಿದ್ದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಒಂದೇ ಬಸ್ಸು, ಒಂದೇ ರಸ್ತೆ! ಆದರೆ ಕಂಡಕ್ಟರನ ಓಡಾಟ ಬೇರೆ, ದಿನವಿಡೀ ಭಾರ ಹೊರುವುದು ಬೇರೆ. ಬಿಡುವಿಲ್ಲದ ಭಾರದ ಕೆಲಸ ಹೃದಯಕ್ಕೆ ಅದೇ ಲಾಭ ಕೊಡುವುದಿಲ್ಲ ಎಂದು ಡೆನ್ಮಾರ್ಕಿನ ಅಧ್ಯಯನಗಳು ಹೇಳಿವೆ. ಹಾಗಾಗಿ ಡೆಸ್ಕಿನಲ್ಲಿ, ಟ್ಯಾಕ್ಸಿಯಲ್ಲಿ ಕೂತವರಿಗೆ ನಡಿಗೆ ಬೇಕು. ಹೊರುವವರಿಗೆ ನಿದ್ದೆ, ನೀರು, ಬಿಪಿ ತಪಾಸಣೆ ಮೊದಲು ಬೇಕು. ಎಲ್ಲರಿಗೂ ಒಂದೇ ಚೀಟಿ ನಡೆಯುವುದಿಲ್ಲ.

2021ರ ಅಕ್ಟೋಬರ್ 29 ನೆನಪಿದೆಯೇ? ಆಗ ಇಲ್ಲಿ ಶುಕ್ರವಾರ ರಜೆ. ಮಧ್ಯಾಹ್ನ ಊಟಕ್ಕೆ ಕೂತಾಗ ಪುನೀತ್ ರಾಜ್‌ಕುಮಾರ್ ಸುದ್ದಿ ಬಂತು. ನಮ್ಮ ಮನೆಯಲ್ಲಿ ಆ ದಿನ ಯಾರೂ ಊಟ ಮುಗಿಸಲಿಲ್ಲ. ಅವರಿಗೆ 46 ವರ್ಷ. ಮರುದಿನದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಇಲ್ಲಿ ನನಗೂ ಫೋನು ಬಂದವು, "ಜಿಮ್ ಬಿಟ್ಟುಬಿಡಲೇ?" ಎಂದು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಪಾಠ. ನಲವತ್ತು ದಾಟಿದ ಮೇಲೆ ಒಮ್ಮೆ ತಪಾಸಣೆ ಮಾಡಿಸಿ, ನಿಧಾನವಾಗಿ ಶುರು ಮಾಡಿ. ಎದೆ ಹಿಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ, 998ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿ. ಊರಲ್ಲೀಗ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಎಂಬ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ ಅದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ. ನಿಮ್ಮ ಅಪ್ಪ ಅಮ್ಮನಿಗೆ ಇದನ್ನು ಇವತ್ತೇ ಫೋನಿನಲ್ಲಿ ಹೇಳಿಡಿ. ಈ ವರ್ಷ ನನಗೂ 46.

ಮಾತ್ರೆ ಮಾರುವವನೇ ಮಾತ್ರೆಗಿಂತ ನಡಿಗೆ ಮೇಲು ಎಂದರೆ ನಂಬುತ್ತೀರಾ? 2002ರಲ್ಲಿ ಅಮೆರಿಕದಲ್ಲಿ ನನ್ನಂತೆ ಬೇಲಿಯ ಮೇಲೆ ಕೂತವರ ಮೇಲೆ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಡಯಾಬಿಟಿಸ್ ಬರುವುದು ಶೇ. 31 ಕಡಿಮೆಯಾಯಿತು. ವಾರಕ್ಕೆ 150 ನಿಮಿಷ ನಡೆದು, ತೂಕದಲ್ಲಿ ಶೇ. 7 ಇಳಿಸುವ ಗುರಿ ಇಟ್ಟುಕೊಂಡವರಲ್ಲಿ ಶೇ. 58 ಕಡಿಮೆಯಾಯಿತು. 2006ರಲ್ಲಿ ಚೆನ್ನೈಯಲ್ಲಿ ನಮ್ಮ ಜನರ ಮೇಲೆಯೇ ಮಾಡಿದ ಅಧ್ಯಯನದಲ್ಲಿ ಮಾತ್ರೆಗೆ ಶೇ. 26.4, ನಡಿಗೆ ಮತ್ತು ಊಟದ ಹತೋಟಿಗೆ ಶೇ. 28.5 ಫಲ ಸಿಕ್ಕಿತು. ಮಾತ್ರೆಗೆ ಸರಿಸಮ, ಖರ್ಚಿಲ್ಲ. ಇದು ಬೇಲಿಯ ಮೇಲಿರುವವರ ಮಾತು. ಈಗಾಗಲೇ ಕಾಯಿಲೆ ಬಂದವರು ನಡಿಗೆ ಶುರು ಮಾಡಿದೆನೆಂದು ಮಾತ್ರೆ ಬಿಡಬೇಡಿ.

ನಮ್ಮ ಮನೆಯಲ್ಲಿ ಏನು ಬದಲಾಯಿತು? ಕರಾಮದಿಂದ ಝಬೀಲ್ ಪಾರ್ಕ್ ಹತ್ತಿರ. ಮೊದಲು ಅಲ್ಲಿಗೆ ಹೋಗುತ್ತಿದ್ದದ್ದು ಊರಿಂದ ಬಂದ ನೆಂಟರಿಗೆ ದುಬೈ ಫ್ರೇಮ್ ತೋರಿಸಲು ಮಾತ್ರ. ಈಗ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುತ್ತೇನೆ, ಅಲ್ಲಿಗೆ 150 ನಿಮಿಷ ಆಯಿತು. ಜುಲೈ, ಆಗಸ್ಟಿನಲ್ಲಿ ಬುರ್ಜುಮಾನ್ ಮಾಲಿನೊಳಗೆ ನಡಿಗೆ, ಪರ್ಸ್ ಮನೆಯಲ್ಲಿಟ್ಟು. ವಾರಕ್ಕೆರಡು ದಿನ ಮನೆಯಲ್ಲೇ ಬಸ್ಕಿ. ಕರಕ್ ನಾಲ್ಕರಿಂದ ಒಂದಕ್ಕೆ ಇಳಿಯಿತು. ರಾತ್ರಿ ಎಂಟೂವರೆಯೊಳಗೆ ಊಟ.

ಹೆಂಡತಿಯ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ತಡವಾಗಿ. "ನೀನೂ ವಾಕಿಂಗ್ ಬಾ" ಎಂದು ಮೂರು ತಿಂಗಳು ಹೇಳಿದೆ, ಹೊಸ ಶೂ ತಂದೆ, ಅವಳು ಬರಲಿಲ್ಲ. ಆಫೀಸಿನಿಂದ ಆರೂವರೆಗೆ ಬಂದು ನೇರ ಅಡುಗೆಮನೆಗೆ ಹೋಗುವವಳು ಯಾವಾಗ ನಡೆಯಬೇಕು? ಒಂಬತ್ತನೇ ತರಗತಿಯ ಮಗಳೇ ಅದನ್ನು ನನಗೆ ಹೇಳಿದ್ದು. ಈಗ ವಾರಕ್ಕೆ ನಾಲ್ಕು ದಿನ ಚಪಾತಿ ನನ್ನದು, ಪಲ್ಯಕ್ಕೆ ಹೆಚ್ಚಿಕೊಡುವುದು ಮಗಳದು. ಚಪಾತಿ ಇನ್ನೂ ದುಂಡಗೆ ಬರುತ್ತಿಲ್ಲ. ಹೆಂಡತಿ ಮಾತ್ರ ನನಗಿಂತ ವೇಗವಾಗಿ ನಡೆಯುತ್ತಾಳೆ.

ಆರು ತಿಂಗಳ ನಂತರ ಎಚ್‌ಬಿಎ1ಸಿ 5.8, ತೂಕ 76, ಸೊಂಟ 92. ಬೇಲಿಯಿಂದ ಪೂರ್ತಿ ಇಳಿದಿಲ್ಲ, ಕಾಲು ಮಾತ್ರ ಈಚೆಗೆ ಬಂದಿದೆ.

ಕೊನೆಗೆ, ನಮ್ಮ ಸಂಘಗಳಿಗೆ ಒಂದು ಬಿನ್ನಹ. ರಾಜ್ಯೋತ್ಸವದಲ್ಲಿ ಹೋಳಿಗೆ ಇರಲಿ, ಬಿಸಿಬೇಳೆಬಾತ್ ಇರಲಿ, ನನ್ನ ಎಲೆಗೂ ಬಡಿಸಿ. ಆದರೆ ಊಟದ ಸಾಲಿನ ಪಕ್ಕ ಬಿಪಿ, ಶುಗರ್ ನೋಡುವ ಒಂದು ಮೇಜೂ ಇರಲಿ. ಪರವಾನಗಿ ಇರುವ ಕ್ಲಿನಿಕ್ಕಿನವರನ್ನು ಕರೆದರೆ ಬರುತ್ತಾರೆ. ಶಾಲು ಹಾರಗಳಲ್ಲಿ ಒಂದೆರಡು ಕಡಿಮೆಯಾದರೆ ಯಾರ ಗೌರವವೂ ಕುಂದುವುದಿಲ್ಲ. 2017ರಿಂದ ದುಬೈ ಸರ್ಕಾರ ವರ್ಷಕ್ಕೊಮ್ಮೆ 30 ದಿನ, ದಿನಕ್ಕೆ 30 ನಿಮಿಷದ ಫಿಟ್ನೆಸ್ ಚಾಲೆಂಜ್ ನಡೆಸುತ್ತಿದೆ, ಅದು ಬರುವುದು ನಮ್ಮ ರಾಜ್ಯೋತ್ಸವದ ನವೆಂಬರಿನಲ್ಲೇ. ಕನ್ನಡ ಬಾವುಟ ಹಿಡಿದು ಒಂದು ನಡಿಗೆ ಇಟ್ಟುಕೊಳ್ಳೋಣ. ಲೇಬರ್ ಕ್ಯಾಂಪಿನ ನಮ್ಮವರಿಗೆ ಬರಲು ಬಸ್ಸಿಲ್ಲ, ಆ ಮೇಜನ್ನು ವರ್ಷಕ್ಕೊಮ್ಮೆ ಅವರಿರುವಲ್ಲಿಗೇ ಒಯ್ಯೋಣ.

ವಿಮೆಯ ಕಾರ್ಡು ಎಲ್ಲರ ಜೇಬಿನಲ್ಲೂ ಇರಬೇಕು. ದುಬೈಯಲ್ಲಿ 2013ರ ಕಾನೂನಿನಿಂದ, ಅಬುಧಾಬಿಯಲ್ಲಿ ಅದಕ್ಕೂ ಮೊದಲಿಂದ, ಉಳಿದ ಎಮಿರೇಟುಗಳಲ್ಲಿ 2025ರ ಜನವರಿಯಿಂದ ಅದನ್ನು ಕೊಡುವುದು ಕಂಪನಿಯ ಕರ್ತವ್ಯ. ಜ್ವರ ಬಂದಾಗ ಮಾತ್ರ ಅದನ್ನು ಹೊರಗೆ ತೆಗೆಯಬೇಡಿ.

ಪ್ರತಿ ತಿಂಗಳು ಒಂದನೇ ತಾರೀಖು ಊರಿಗೆ ದುಡ್ಡು ಕಳಿಸಲು ನಾವು ಮರೆಯುವುದಿಲ್ಲ. ಅದೇ ದಿನ ಬಿಪಿಯನ್ನೂ ಒಮ್ಮೆ ನೋಡಿಸಿಕೊಳ್ಳಿ, ರಸೀದಿಯ ಹಿಂದೆ ಬರೆದಿಟ್ಟುಕೊಳ್ಳಿ. ನಿಮ್ಮ ರೂಮಿನಲ್ಲಿ ಯಾರಾದರೂ ಮಾತ್ರೆ ನಿಲ್ಲಿಸಿದೆ ಎಂದರೆ, ಒಂದು ಸಲ ಹೇಳಿ ಸುಮ್ಮನಾಗಬೇಡಿ. ಎರಡನೇ ಸಲವೂ ಹೇಳಿ.